ಹಾಲ್ಟ್ ಇಲ್ಲದ ಹಡಗು

ವಿನೋಬನಗರ, ದಾವಣಗೆರೆ
ತಾ. 18-1-2026, ಭಾನುವಾರ

ಪ್ರೀತಿಯ ರಹೀಮಾ ಆಪಾಗೆ,

ನಿನ್ನ ತಮ್ಮ ಶಬ್ಬೀರನ ಸಲಾಂ. ನಾವಿಲ್ಲಿ ಅಲ್ಲಾಹನ ದಯೆಯಿಂದ ಉಂಡ್ಕಂಡು ತಿನ್ಕಂಡು ಆರಾಮದೀವಿ. ನೀನು ಹೆಂಗಿದೀ? ಮೊದಲು ಮೊಣಕಾಲಿನ ಸಮಾಚಾರ ಬರಿ. ಎಡಗಾಲಿನ ಆಪರೇಷನ್ ಆಗಿ ಐದು ತಿಂಗಳಾತು. ಈಗ ಮೆಟ್ಟಿಲು ಹತ್ತತೀಯಾ, ಇಲ್ಲಾ ನೌಮಾನ್ ನಂಗೆ ಸುಳ್ಳು ಹೇಳ್ತಾವನಾ? ನಿನ್ನ ಮಗ ಒಳ್ಳೇನು, ಆದ್ರೆ ಒಳ್ಳೆ ಮಕ್ಕಳೇ ಜಾಸ್ತಿ ಸುಳ್ಳು ಹೇಳೋದು, ದೂರದಲ್ಲಿರೋರಿಗೆ ಯಾಕ ಚಿಂತೆ ಅಂತ. ಬಚ್ಚಲಲ್ಲಿ ನೀರು ನಿಲ್ಲದಂಗೆ ನೋಡ್ಕೋ. ಜಾರೋ ಚಪ್ಪಲಿ ಬ್ಯಾಡ. ಮೊಂಬಾಸಾದಲ್ಲಿ ಈಗ ಬಿಸಿಲು ಜಾಸ್ತಿ ಅಂತ ನಮ್ಮ ಹುಡುಗ ರಿಯಾಜ್ ಫೋನಲ್ಲಿ ನೋಡಿ ಹೇಳಿದ, ಮಧ್ಯಾಹ್ನ ಹೊರಗೆ ಹೋಗಬ್ಯಾಡ. ಕಿವಿ ಮಿಷನ್ ಹಾಕ್ಕಂತಾ ಇದೀಯಾ, ಇಲ್ಲಾ ಡಬ್ಬೀಲಿ ಇಟ್ಟೀಯಾ? ಡಬ್ಬೀಲಿಟ್ಟಿದ್ರೆ ಡಬ್ಬಿಗೆ ಕೇಳತೈತೆ ಅಷ್ಟೇ.

ಕಾಗದ ಯಾಕ ಬರೆದ ಅಂತ ಕೇಳಬ್ಯಾಡ. ಫೋನಲ್ಲಿ ನಾನು ಕೂಗಿದ್ರೆ ನಂಗೆ ದಮ್ಮು ಹತ್ತತೈತೆ, ಕೂಗದಿದ್ರೆ ನಿಂಗೆ ಕೇಳಲ್ಲ. ಇಬ್ಬರ ನಡುವೆ ಮಕ್ಕಳು ನಿಂತ್ಕಂಡು ಇದನ್ನ ಅಲ್ಲಿಗೆ ಅದನ್ನ ಇಲ್ಲಿಗೆ ಹೇಳ್ತಾವೆ. ಹಂಗೆ ಹೇಳಿಸೋ ಮಾತಲ್ಲ ಇವು. ಬರೆದು ಕೊಡ್ತೀನಿ, ರಿಯಾಜ್ ಫೋಟೋ ತೆಗೆದು ಕಳಿಸ್ತಾನೆ, ನೌಮಾನ್ ದೊಡ್ಡದು ಮಾಡಿ ತೋರಿಸ್ಲಿ. ಅವನಿಗೆ ಕನ್ನಡ ಓದಕ್ಕೆ ಬರಲ್ಲ ಅನ್ನೋದೂ ಒಂದು ಅನುಕೂಲನೇ. ನನ್ನ ಅಕ್ಷರ ನೋಡಿ ನಗಬ್ಯಾಡ. ಆರನೇ ಕ್ಲಾಸಿಗೆ ಬಿಟ್ಟವನು ಇನ್ನೆಂಗೆ ಬರೀತಾನೆ? ಅದೂ ಸ್ಕೂಲಲ್ಲಿ ಕಲಿತದ್ದಲ್ಲ. ಭಟ್ಟಿ ಹಿಂದಿನ ಕಟ್ಟೆ ಮೇಲೆ ನೀನು ಮಂಡಕ್ಕಿ ಜೋಡಿಸಿ ಅ ಆ ಇ ಈ ಮಾಡ್ತಿದ್ದೆ, ಸರಿಯಾಗಿ ಹೇಳಿದ್ರೆ ಆ ಅಕ್ಷರ ತಿನ್ನಬಹುದಿತ್ತು. ಅದಕ್ಕೇ ನಂಗೆ ಋ ಇವತ್ತಿಗೂ ನೆಟ್ಟಗೆ ಬರಲ್ಲ, ಅದನ್ನ ಒಂದು ದಿನಾನೂ ತಿಂದಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ ಭಾವ ತೀರಿಹೋದಾಗ ನಾನು ಯಾಕ ಬರಲಿಲ್ಲ ಅನ್ನೋದು ನಿಂಗೆ ಗೊತ್ತೈತೆ. ಅದೇ ವಾರ ನಾನು ಆಸ್ಪತ್ರೇಲಿ ಪಕ್ಕೆಗೆ ನಳಿಗೆ ಹಾಕಿಸ್ಕಂಡು ಬಿದ್ದಿದ್ದೆ. ಆದ್ರೆ ಆಮೇಲೂ ಯಾಕ ಬರಲಿಲ್ಲ ಅನ್ನೋದನ್ನ ನಾನು ಸರಿಯಾಗಿ ಹೇಳಿರಲಿಲ್ಲ, ನೀನು ಹೆದರಿಕೊಂತೀಯ ಅಂತ. ನಲವತ್ತು ವರ್ಷ ಮಂಡಕ್ಕಿ ಭಟ್ಟಿ ಹೊಗೆ ಕುಡಿದು ಎದೆಯೊಳಗೆ ಗಾಳಿಗುಳ್ಳೆ ಆಗ್ಯಾವಂತೆ. ಒಂದು ಒಡೀತು. ಇನ್ನೊಂದು ಹಂಗೇ ಐತೆ, ತಂಟೆ ಮಾಡಿಲ್ಲ. ಡಾಕ್ಟ್ರು ಹೇಳಿದ್ದು ಏನಂದ್ರೆ, ವಿಮಾನ ಮೇಲೆ ಹೋದಂಗೆ ಹೊರಗಿನ ಒತ್ತಡ ಕಮ್ಮಿ ಆಗಿ ಒಳಗಿನ ಗಾಳಿ ಉಬ್ಬತೈತಂತೆ. ನಂಗೆ ತಟ್ಟನೆ ತಿಳೀತು. ಕಾದ ಮರಳಿಗೆ ಬಿದ್ದ ಅಕ್ಕಿ ಮಂಡಕ್ಕಿ ಆಗತೈತಲ್ಲ, ಹಂಗೇನಾ ಸಾರ್ ಅಂದೆ. ಅವರು, ಹೆಚ್ಚು ಕಮ್ಮಿ ಹಂಗೇ, ನೀವು ಮಂಡಕ್ಕಿ ಆಗೋದು ಬ್ಯಾಡ, ವಿಮಾನ ಮರೆತುಬಿಡ್ರಿ ಅಂದ್ರು. ನಾನು ಮರೆತೆ. ನಿನ್ನ ತಮ್ಮನ ಹೆಂಡತಿ ಗುಲ್ಷನ್ ಮರೀಲಿಲ್ಲ. ಭಾವ ಹೋದ ಮೇಲೆ ನೀನು ಇದ್ದತ್ ಕೂತ ನಾಲ್ಕು ತಿಂಗಳು ಹತ್ತು ದಿನ ಮುಗಿಯೋ ಹೊತ್ತಿಗೆ ಅಂತ ನಾನು ಆಸ್ಪತ್ರೆಯಿಂದ ಬಂದ ಮೇಲೆ ತಂದಿಟ್ಟ ಸೀರೆ ಇವತ್ತಿಗೂ ಟ್ರಂಕಲ್ಲಿ ಐತೆ. ತಿಳಿ ಹಸಿರು, ಅಂಚು ಸಣ್ಣದು. ಪಾರ್ಸೆಲ್ ಮಾಡೋಣ ಅಂತ ರಿಯಾಜ್ ಎಷ್ಟೋ ಸಲ ಅಂದ. ತವರಿನ ಸೀರೇನ ತಮ್ಮನೇ ಕೈಯಾರೆ ಹೊದಿಸಬೇಕು, ಪೋಸ್ಟ್‌ಮನ್ ಹೊದಿಸೋದಲ್ಲ ಅಂತ ಗುಲ್ಷನ್ ಬಿಡಲಿಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ ಇಡ್ತಾಳೆ. ಹಂಗೆ ಇಡುವಾಗ ನನ್ನ ಕಡೆ ನೋಡಲ್ಲ. ಅದೇ ಕಷ್ಟ.

ಹೋದ ದೀಪಾವಳಿ ಟೈಮಲ್ಲಿ ರಿಯಾಜ್ ಒಂದು ಹಡಗು ಹುಡುಕಿದ. ದಿನಾ ಫೋನು ನೋಡ್ತಾನೆ ಅಂತ ಬೈತಿದ್ದೆ, ಅದ್ರೊಳಗಿಂದಾನೇ ಹಡಗು ತೆಗೆದ. ಟೂರಿಸ್ಟ್ ಹಡಗು, ಕ್ರೂಸ್ ಅಂತಾರೆ. ಏಪ್ರಿಲ್ ಕೊನೆಗೆ ಮುಂಬೈ ಬಿಟ್ಟು ಒಂಬತ್ತು ದಿನಕ್ಕೆ ಮೊಂಬಾಸಾ. ಆಕಾಶಕ್ಕೆ ಹೋಗಂಗಿಲ್ಲ, ನೀರಿನ ಮೇಲೆ ಹೋದ್ರೆ ಒತ್ತಡದ ಮಾತೇ ಇಲ್ಲ ಅಲ್ವಾ ಅಪ್ಪಾ ಅಂದ. ನಾನು ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಹದಿನಾಲ್ಕು ಮಾಳಿಗೆ ಐತಂತೆ ಆಪಾ. ವಿನೋಬನಗರದಲ್ಲಿ ಮೂರು ಮಾಳಿಗೆ ಕಟ್ಟಿದ್ರೇ ನಾನು ಕೆಳಗೆ ನಡೆಯುವಾಗ ಮೇಲೆ ನೋಡ್ಕಂಡು ಹೋಗ್ತೀನಿ, ಇಟ್ಟಿಗೆ ಬೀಳತೈತೇನೋ ಅಂತ. ಅಂಥಾದ್ದು ಹದಿನಾಲ್ಕು, ಅದೂ ನೀರಿನ ಮೇಲೆ, ಕೆಳಗೆ ಪಾಯ ಇಲ್ಲ.

ಆಮೇಲೆ ಡಾಕ್ಟ್ರನ್ನ ಕೇಳಿದ್ವಿ. ಇವರು ಬ್ಯಾಡ ಅಂತಾರೆ, ಅಲ್ಲಿಗೆ ಮುಗೀತು ಅಂತಾನೇ ನಾನು ಹೋಗಿದ್ದು, ಸುಳ್ಳು ಯಾಕ ಹೇಳ್ಲಿ. ಅವರು ಕನ್ನಡಕ ತೆಗೆದು, ಒಳ್ಳೆ ಯೋಚನೆ ಶಬ್ಬೀರ್ ಸಾಬ್, ಆರು ನಿಮಿಷ ನಿಲ್ಲದಂಗೆ ನಡೆದು ತೋರಿಸ್ರಿ, ಉಸಿರು ಸರಿ ಇದ್ರೆ ಹಡಗಿಗೆ ಬೇಕಾದ ಸರ್ಟಿಫಿಕೇಟ್ ನಾನೇ ಬರ್ಕೊಡ್ತೀನಿ ಅಂದ್ರು. ಆವತ್ತು ನಾಲ್ಕು ನಿಮಿಷಕ್ಕೆ ಗೋಡೆ ಹಿಡ್ಕಂಡೆ. ಜನವರಿಗೆ ಮತ್ತೆ ಬರ್ರಿ, ಅಲ್ಲಿವರೆಗೂ ದಿನಾ ನಡೀರಿ ಅಂತ ಕಳಿಸಿದ್ರು. ಮನೆಗೆ ಬರುವಾಗ ನಂಗೆ ಸಮಾಧಾನ ಆಗಬೇಕಿತ್ತು ನೋಡು, ಹೋಗೋದು ತಪ್ಪಿತಲ್ಲ ಅಂತ. ಆಗಲಿಲ್ಲ. ಆಟೋದಲ್ಲಿ ಕೂತು ನಿನ್ನ ಮನೆ ಬಾಗಿಲು ಹೆಂಗಿರತೈತೋ ಅಂತ ಯೋಚನೆ ಮಾಡ್ತಿದ್ದೆ.

ಸೂರಪ್ಪನ ನೆನಪೈತಾ ನಿಂಗೆ? ನಂದಿಗುಡಿ ಬಸ್ಸಿನ ಕಂಡಕ್ಟರ್ ಸೂರಪ್ಪ, ಹಳದಿ ಮಫ್ಲರ್. ರಿಟೈರ್ ಆಗಿ ಹರಿಹರದಲ್ಲೇ ಮನೆ ಮಾಡ್ಕಂಡವನೆ. ಅವನಿಗೆ ಸುದ್ದಿ ತಿಳಿದಿದ್ದೇ, ನನ್ನನ್ನ ನಡೆಸೋ ಕೆಲಸ ಅವನೇ ಹಿಡ್ಕಂಡ. ದಿನಾ ಬೆಳಿಗ್ಗೆ ನಾನು ಬಸ್ಸಲ್ಲಿ ಹರಿಹರಕ್ಕೆ ಹೋಗೋದು, ಇಬ್ರೂ ಹೊಳೆ ಸೇತುವೆ ಮೇಲೆ ಆ ಕಡೆಗೆ ಈ ಕಡೆಗೆ ನಡೆಯೋದು. ನಾನು ನಿಂತ್ರೆ ಪೀಪಿ ಊದ್ತಾನೆ. ಹಳೇ ಪೀಪಿ, ಸರ್ವೀಸಿನದು, ವಾಪಸ್ ಕೊಟ್ಟಿಲ್ಲ. ಜನ ತಿರುಗಿ ನೋಡ್ತಾರೆ, ಅವನಿಗೆ ಲಜ್ಜೆ ಇಲ್ಲ. ಮಾತೂ ಹಂಗೇ ಆಡ್ತಾನೆ. ಒಂದು ದಿನ ಚಳಿಗೆ ಕೆಮ್ಮು ಬಂದು, ಇದೆಲ್ಲ ನನ್ನ ಕೈಲಾಗಲ್ಲ ಸೂರಪ್ಪ, ಬಿಟ್ಟುಬಿಡ್ತೀನಿ ಅಂದೆ. ಅವನು ಸೇತುವೆ ಕಂಬಿ ಹಿಡ್ಕಂಡು ಹೊಳೆ ನೋಡ್ತಾ, "ಬಿಡಪ್ಪ, ಈ ಸಲ ಯಾವ ಬಸ್ಸು ಕೆಡಿಸೋಣ ಹೇಳು" ಅಂದ. ಅವನ ಮಾತು ಹಂಗೇ, ತಲೆ ಬುಡ ಇರಲ್ಲ. ನಾನು ಮತ್ತೆ ನಡೆದೆ.

ನೀರಿನ ಭಯ ಹೋಗಬೇಕು ಅಂತ ಡಿಸೆಂಬರಲ್ಲಿ ನನ್ನನ್ನ ಉಕ್ಕಡಗಾತ್ರಿಗೆ, ದೆವ್ವ ಬಿಡಿಸಕ್ಕೆ ಜನ ಹೋಗ್ತಾರಲ್ಲ ಅಲ್ಲಿಗೆ, ಕರ್ಕಂಡು ಹೋದ. ಅಜ್ಜಯ್ಯನ ಗದ್ದುಗೆಗೆ ಕೈ ಮುಗಿದು, ಕಾಯಿ ಒಡೆಸಿ, ಗೊತ್ತಿದ್ದ ಮೀನುಗಾರನ ತೆಪ್ಪದಲ್ಲಿ ನನ್ನನ್ನ ಕೂರಿಸಿದ. ತೆಪ್ಪ ಅಂದ್ರೆ ಗೊತ್ತಲ್ಲ, ಬುಟ್ಟಿ ಇದ್ದಂಗೆ, ಮುಂದೆ ಹೋಗೋ ಬದಲು ಸುತ್ತತೈತೆ. ಮೂರು ಸುತ್ತಿಗೆ ಬೆಳಿಗ್ಗೆ ತಿಂದಿದ್ದೆಲ್ಲ ತುಂಗಭದ್ರೆಗೆ ಅರ್ಪಣೆ ಆತು. ದಡದಲ್ಲಿ ಪೂಜೆಗೆ ಬಂದಿದ್ದ ಒಬ್ಬಮ್ಮ, ಪಾಪ, ಇವರ ಮೈಮೇಲಿನ ದೆವ್ವ ಇಳೀತು ಅಂತ ನಂಗೆ ಭಂಡಾರ ಹಚ್ಚಿದ್ಲು. ನಾನು ಸುಮ್ಮನೆ ಹಚ್ಚಿಸ್ಕಂಡೆ, ಇಳಿದಿದ್ರೆ ಇಳೀಲಿ ಅಂತ. ಆದ್ರೆ ಆ ತೆಪ್ಪದವನು ಒಂದು ಮಾತಂದ. "ಸಾಬ್ರೇ, ತೆಪ್ಪಕ್ಕೆ ಹಿಂದು ಮುಂದು ಇಲ್ಲ, ಅದಕ್ಕೇ ಸುತ್ತತೈತೆ. ಹಡಗಿಗೆ ಮೂತಿ ಐತೆ, ಅದು ಹೋಗೋ ಕಡೆ ಹೋಗತೈತೆ." ಆ ಮಾತು ನಂಗೆ ಔಷಧಿಯಂಗೆ ಹತ್ತಿತು.

ಟ್ರಾವೆಲ್ ಆಫೀಸಿನವನು ಅಂಜನ್ ಕುಮಾರ್ ಅಂತ, ಒಳ್ಳೆ ಹುಡುಗ, ಆದ್ರೆ ನನ್ನನ್ನ ಕಂಡ್ರೆ ಈಗ ಕಂಪ್ಯೂಟರ್ ಹಿಂದೆ ಬಗ್ಗತಾನೆ. ನಾನು ಕೇಳಿದ ಪ್ರಶ್ನೆ ಅಷ್ಟಿಷ್ಟಲ್ಲ. ಮಧ್ಯ ಸಮುದ್ರದಲ್ಲಿ ಎದೆ ನೋವು ಬಂದ್ರೆ? ಒಳಗೇ ಡಾಕ್ಟ್ರು ಅವ್ರಂತೆ, ಆಕ್ಸಿಜನ್ನೂ ಐತಂತೆ. ಕರೆಂಟ್ ಹೋದ್ರೆ? ಹೋಗಲ್ಲಂತೆ. ನಮಾಜಿಗೆ ದಿಕ್ಕು ಹೆಂಗೆ ಗೊತ್ತಾಗತೈತೆ, ಹಡಗು ತಿರುಗತಾ ಇರತೈತಲ್ಲ? ಅದಕ್ಕೆ ಅವನು ರಿಯಾಜನ ಮುಖ ನೋಡಿದ. ಊಟಕ್ಕೆ ಸಸ್ಯಾಹಾರದ ಸಾಲು ಬೇರೆ ಐತಂತೆ, ಒಂಬತ್ತು ದಿನ ಅದನ್ನೇ ತಿಂತೀನಿ, ಹಲಾಲ್ ಹೌದೋ ಅಲ್ವೋ ಅನ್ನೋ ಅನುಮಾನ ಬ್ಯಾಡ. ಹಳದಿ ಜ್ವರದ ಸೂಜಿ ಬೆಂಗಳೂರಲ್ಲಿ ಹಾಕಿಸ್ಕಂಡು ಬಂದೆ, ತೋಳು ಎರಡು ದಿನ ನೋಯ್ತು. ಪಾಸ್‌ಪೋರ್ಟು ಬಂತು, ಫೋಟೋದಲ್ಲಿ ಕುರಿ ಕದ್ದವನಂಗೆ ಕಾಣ್ತೀನಿ. ರೂಮು ಕಿಟಕಿ ಇಲ್ಲದ್ದೇ ಇರಲಿ ಅಂದೆ, ನೀರು ಕಾಣಬಾರದು ಅಂತ. ಅದಕ್ಕೆ ಗುಲ್ಷನ್, "ಸಮುದ್ರ ದಾಟಿಯೂ ಸಮುದ್ರ ನೋಡದೆ ಬರೋರು ಲೋಕದಲ್ಲಿ ನೀವೊಬ್ರೇ ರೀ" ಅಂತ ಬೀದಿಗೆಲ್ಲ ಹೇಳ್ಕಂಡು ಬಂದಳು. ಒಂದೇ ಒಂದು ವಿಷಯಕ್ಕೆ ನಂಗೆ ಖುಷಿ ಆತು. ಹಡಗಲ್ಲಿ ಸಾಮಾನಿಗೆ ತೂಕದ ತಕರಾರು ಇಲ್ಲಂತೆ. ಮಂಡಕ್ಕಿಗೆ ತೂಕ ಎಲ್ಲೈತೆ ಆಪಾ, ಜಾಗ ಬೇಕು ಅಷ್ಟೇ. ಎಷ್ಟು ಚೀಲ ಹಿಡಿಸತೈತೆ ರೂಮಲ್ಲಿ ಅಂತ ಕೇಳಿದೆ. ಅಂಜನ್ ಕುಮಾರ್ ನೀರು ಕುಡಿದು ಬಂದು, ಎರಡು ಸೂಟ್‌ಕೇಸ್, ಪ್ಯಾಕೆಟ್ ಮಾಡಿ ಸೀಲ್ ಹಾಕಿದ್ದು ಮಾತ್ರ ಶಬ್ಬೀರಣ್ಣ ಅಂದ. ದುಡ್ಡಿನ ಮಾತು ನೀನು ಎತ್ತಬ್ಯಾಡ, ಅದನ್ನ ಮಕ್ಕಳು ನೋಡ್ಕಂಡವ್ರೆ.

ಮೊನ್ನೆ ಗುರುವಾರ ಆಸ್ಪತ್ರೆ ವರಾಂಡದಲ್ಲಿ ಮತ್ತೆ ನಡೆಸಿದ್ರು. ಸೂರಪ್ಪ ಬಾಗಿಲ ಹತ್ರ ನಿಂತು ಪೀಪಿ ಬಾಯಲ್ಲಿ ಇಟ್ಕಂಡಿದ್ದ, ನರ್ಸಮ್ಮ ಕಿತ್ಕಂಡ್ರು. ಆರು ನಿಮಿಷ ಆತು ಅಂದಾಗಲೂ ನಾನು ನಡೀತಾನೇ ಇದ್ದೆ, ಯಾರೂ ನಿಲ್ಲು ಅಂದಿರಲಿಲ್ಲ ಅಂತ. ಡಾಕ್ಟ್ರು ಬೆರಳಿಗೆ ಕ್ಲಿಪ್ ಹಾಕಿ ನೋಡಿ ಸರ್ಟಿಫಿಕೇಟಿಗೆ ಸೈನ್ ಹಾಕಿದ್ರು. ಐವತ್ತೈದು ವರ್ಷಕ್ಕೆ ನಾನು ಪಾಸಾದ ಮೊದಲನೇ ಪರೀಕ್ಷೆ ಆಪಾ. ಅದನ್ನ ಎದೆಗೆ ಅವುಚಿಕೊಂಡು ನಾನು, ರಿಯಾಜ್, ಸೂರಪ್ಪ ಮೂವರೂ ಸೀದಾ ಟ್ರಾವೆಲ್ ಆಫೀಸಿಗೆ ಹೋದ್ವಿ, ಟಿಕೆಟ್ ಮಾಡಿಸೇಬಿಡೋಣ ಅಂತ.

ಅಲ್ಲಿ ಒಂದು ತಪ್ಪು ಬಯಲಾತು. ತಪ್ಪು ನಂದೇ, ಆದ್ರೆ ನೀನಾದ್ರೂ ಹಿಂಗೇ ತಿಳ್ಕಂತಿದ್ದೆ. ನೋಡು, ನಾನು ಮೂವತ್ತು ವರ್ಷ ಮಂಡಕ್ಕಿ ಚೀಲ ಹಾಕ್ಕಂಡು ಓಡಾಡಿದ್ದು ನಂದಿಗುಡಿ ಹಾಲ್ಟ್ ಬಸ್ಸಲ್ಲಿ. ಸಂಜೆ ಹೋಗತೈತೆ, ಊರಲ್ಲೇ ನಿಲ್ಲತೈತೆ, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗತಾರೆ, ಬೆಳಿಗ್ಗೆ ಅದೇ ಬಸ್ಸು ಅದೇ ಜನರನ್ನ ಹತ್ತಿಸ್ಕಂಡು ವಾಪಸ್ ಬರತೈತೆ. ಹೋದ ಗಾಡಿ ಬರತೈತೆ, ಇದರಲ್ಲಿ ಕೇಳೋದೇನೈತೆ? ಹಡಗೂ ಮೊಂಬಾಸಾಕ್ಕೆ ಹೋಗಿ ಎರಡು ಮೂರು ದಿನ ಹಾಲ್ಟ್ ಮಾಡಿ ಮುಂಬೈಗೆ ಬರತೈತೆ ಅಂತ ನಾನು ತಿಳಿದಿದ್ದೆ. ಒಂಬತ್ತು ಹೋಗೋದು, ಒಂಬತ್ತು ಬರೋದು, ನಡುವೆ ನಿನ್ನ ಮನೇಲಿ ಮೂರು. ಬಕ್ರೀದಿಗೆ ಮುಂಚೆ ಭಟ್ಟಿ ಮುಂದೆ ಕೂತಿರ್ತೀನಿ ಅಂತ ಎಲ್ಲರಿಗೂ ಹೇಳಿಯೂ ಆಗಿತ್ತು. ಅಂಜನ್ ಕುಮಾರ್ ಹಾಳೆ ಮುಂದಿಟ್ಟ. ಸೂರಪ್ಪ ಅದನ್ನ ಎತ್ಕಂಡು ಈ ಕಡೆ ಆ ಕಡೆ ತಿರುಗಿಸಿದ, ಕಂಡಕ್ಟರ್ ಬುದ್ಧಿ ಎಲ್ಲಿ ಹೋಗತೈತೆ. ವಾಪಸ್ ಟಿಕೆಟ್ ಎಲ್ಲಪ್ಪ ಅಂದ.

ಅಂಜನ್ ಕುಮಾರ್ ಹೇಳಿದ್ದು ಇಷ್ಟು. ಆ ಹಡಗು ನಿಲ್ಲೋದು ಮೊಂಬಾಸಾದಲ್ಲಿ ಒಂದೇ ಹಗಲು. ಆಮೇಲೆ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗತೈತೆ, ಕೆಂಪು ಸಮುದ್ರದ ಕಡೆ ಗಲಾಟೆ ಅಂತ ಈ ಸುತ್ತು ದಾರಿ. ಅಲ್ಲಿಯ ಬ್ಯಾಸಿಗೆ ಎಲ್ಲ ಅಲ್ಲೇ ಓಡಾಡಿ, ಇಲ್ಲಿ ಮಳೆಗಾಲ ಮುಗಿದ ಮೇಲೆ ಅದೇ ದಾರೀಲಿ ಮುಂಬೈಗೆ. ಮೊಂಬಾಸಾಕ್ಕೆ ಮತ್ತೆ ಬರೋದು ಅಕ್ಟೋಬರ್ ಕೊನೆಗೆ. ಬರುವಾಗ ವಿಮಾನದಲ್ಲಿ ಬರ್ತೀರೇನೋ ಅಂತ ಅವನು ತಿಳಿದಿದ್ದನಂತೆ, ಎಲ್ಲರೂ ಹಂಗೇ ಮಾಡೋದಂತೆ. ಹಾಲ್ಟ್ ಇಲ್ವೇನಪ್ಪ ಅಂತ ನಾನು ಕೇಳಿದೆ. ಇಷ್ಟು ದೊಡ್ಡ ಹಡಗಿಗೆ ಒಂದು ಹಾಲ್ಟ್ ಇಲ್ವಾ? ಯಾರೂ ನಗಲಿಲ್ಲ. ನಕ್ಕಿದ್ರೆ ಚಲೋ ಇತ್ತು. ರಿಯಾಜ್ ತಲೆ ತಗ್ಗಿಸ್ಕಂಡು ಕೂತಿದ್ದ, ಹುಡುಕಿದವನು ಅವನಲ್ವಾ. ಸೂರಪ್ಪ ಆ ಹಾಳೇನ ಮಡಚದೆ ನನ್ನ ಮುಂದೆ ಇಟ್ಟ.

ಅಂದ್ರೆ ಬಂದ್ರೆ ಆರು ತಿಂಗಳು ಬರಬೇಕು. ನಡುವೆ ಬ್ಯಾಸರ ಆದ್ರೂ ಇಲ್ಲ, ಭಟ್ಟೀಲಿ ಏನಾದ್ರೂ ಆದ್ರೂ ಇಲ್ಲ, ಇಲ್ಲಿ ಯಾರಿಗೆ ಏನಾದ್ರೂ ನಾನು ಬರಂಗಿಲ್ಲ. ಬರೋ ವಾರದ ಶುಕ್ರವಾರದವರೆಗೂ ಟೈಮ್ ಕೊಡು ಅಂತ ಅಂಜನ್ ಕುಮಾರನ್ನ ಕೇಳ್ಕಂಡು ಎದ್ದು ಬಂದೆ. ಮನೇಲಿ ಹೇಳಿದ್ರೆ ಗುಲ್ಷನ್ ಜರಡಿ ಹಿಡಿಯೋದನ್ನೂ ನಿಲ್ಲಿಸಲಿಲ್ಲ. ಆರು ತಿಂಗಳಾದ್ರೆ ಇನ್ನೂ ಚಲೋ, ನಾನಾದ್ರೂ ಕಣ್ಣು ತುಂಬ ನಿದ್ದೆ ಮಾಡ್ತೀನಿ, ಗ್ಯಾಸ್ ಬಂದ್ ಮಾಡಿದ್ಯಾ ಬಾಗಿಲು ಹಾಕಿದ್ಯಾ ಅಂತ ಎಬ್ಬಿಸೋರು ಇರಲ್ಲ ಅಂದಳು. ಭಟ್ಟಿ ನೀವು ನಡೆಸ್ತೀರಿ ಅಂತ ಯಾರಂದ್ರು, ಎರಡು ವರ್ಷದಿಂದ ನಾನೇ ನಡೆಸ್ತಾ ಇದೀನಿ, ನೀವು ಕೂತು ಹೆದರಿಕೊಂತೀರಿ ಅಷ್ಟೇ ಅಂದಳು. ಅದು ನಿಜ. ಆಮೇಲೆ ಒಳಗೆ ಹೋಗಿ ಟ್ರಂಕ್ ತೆಗೆದಳು. ಸೀರೆ ಮಡಿಕೆ ಬದಲಿಸೋ ತಿಂಗಳು ಇದಲ್ಲ.

ನಂಗೆ ಭಟ್ಟಿ ಚಿಂತೆ ಅಲ್ಲ ಆಪಾ, ನಿನ್ನ ಚಿಂತೆ. ಮೂರು ದಿನದ ನೆಂಟ ಬ್ಯಾರೆ, ಆರು ತಿಂಗಳ ನೆಂಟ ಬ್ಯಾರೆ. ನೌಮಾನನ ಹೆಂಡತಿ ಏನಂತಾಳೋ. ಬೆಳಿಗ್ಗೆ ನಾನು ಅರ್ಧ ತಾಸು ಕೆಮ್ಮತೀನಿ, ಮನೆಯೆಲ್ಲ ಎದ್ದು ಬಿಡತೈತೆ. ನೀನು ಊರಿಗೆ ಬಂದಿದ್ದೇ ಎರಡು ಸಲ, ಅಬ್ಬಾ ತೀರಿಹೋದಾಗ ಒಂದು ಸಲ, ಆಮೇಲೆ ಹನ್ನೆರಡನೇ ಇಸವೀಲಿ. ಎರಡು ಸಲಾನೂ ಮನೆ ತುಂಬ ಜನ, ನಾವಿಬ್ಬರೇ ಒಂದು ಗಳಿಗೆ ಕೂರಲಿಲ್ಲ. ನಲವತ್ತೊಂದು ವರ್ಷದಲ್ಲಿ ನಿನ್ನ ಜೊತೆ ಇದ್ದ ದಿನ ಎಲ್ಲ ಸೇರಿಸಿದ್ರೂ ಒಂದು ತಿಂಗಳು ಆಗಲ್ಲ. ನಮ್ಮಮ್ಮ ಹೋದ ಮೇಲೆ ಅಮ್ಮ ಆಗಿ ಸಾಕಿದ್ದು ನೀನು. ಆದ್ರೆ ಈಗ ನಿಂಗೆ ನಾನು ಹೆಂಗಿದೀನಿ ಅಂತಾನೇ ಗೊತ್ತಿಲ್ಲ. ಮದುವೆ ಆಗಿ ಹೊರಟ ದಿನ ಹರಿಹರ ಸ್ಟೇಷನ್ನಲ್ಲಿ ನೀನು ಕಾದೆಯಂತೆ. ಶಬ್ಬೀರ ಬರೋವರೆಗೂ ನಾನು ರೈಲು ಹತ್ತಲ್ಲ ಅಂತ ಹಿಂದಿನ ದಿನ ಸಂಜೆ ನಾನು ಮಂಡಕ್ಕಿ ಚೀಲ ಹಾಕ್ಕಂಡು ನಂದಿಗುಡಿ ಬಸ್ಸಿಗೆ ಹೊರಟಾಗ ನಂಗೆ ಹೇಳಿದ್ದೆ. ಬಸ್ಸು ಕೆಟ್ಟಿದ್ದಕ್ಕೆ ನಾನು ಬರೋದ್ರೊಳಗೆ ಮಧ್ಯಾಹ್ನ ಆಗಿತ್ತು. ಹಳೇ ಮಾತು, ಬಿಡು. ಈಗ ಯಾಕ ಬಂತೋ ಬಾಯಿಗೆ.

ಅದಕ್ಕೇ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ನೀನು ರೂಮು ಗೀಮು ತೊಳೆಸಿ ಇಡಬ್ಯಾಡ. ಈ ವರ್ಷ ಆಗದಿದ್ರೆ ಬರೋ ವರ್ಷನೂ ಹಡಗು ಇರತೈತೆ, ಎಲ್ಲಿ ಹೋಗತೈತೆ. ನೀನು ನಡೆಯೋದು ಬಿಡಬ್ಯಾಡ, ಮೊಣಕಾಲು ಬಗ್ಗಿಸೋ ವ್ಯಾಯಾಮ ಮಾಡು. ನೌಮಾನನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ ನನ್ನ ದುವಾ ಹೇಳು. ಗುಲ್ಷನ್ ಸಲಾಂ ಹೇಳವಳೆ. ಸೂರಪ್ಪನೂ ನಮಸ್ಕಾರ ಹೇಳಿದ, ಅಕ್ಕನವರಿಗೆ ಅಂತ. ಅಲ್ಲಾಹ್ ನಿನ್ನ ಕಾಲಿಗೆ ಬಲ ಕೊಡಲಿ, ನನ್ನ ಉಸಿರಿಗೆ ಧೈರ್ಯ ಕೊಡಲಿ.

ನೀನು ಸಾಕಿದ ತಮ್ಮ,
ಶಬ್ಬೀರ್

ತಾ.ಕ.: ಆಪಾ, ಬರೆದಿದ್ದನ್ನ ಒಂದು ಸಲ ಓದಿ ನೋಡಿದೆ. ಅದರಲ್ಲಿ ಒಂದು ಸುಳ್ಳು ಐತೆ, ಅದನ್ನ ಇಟ್ಕಂಡು ನಿನ್ನ ಮನೆ ಬಾಗಿಲಿಗೆ ಬರಕ್ಕಾಗಲ್ಲ. ಆವತ್ತು ಬಸ್ಸು ಕೆಟ್ಟಿರಲಿಲ್ಲ. ಆರು ಗಂಟೆಗೆ ಸರಿಯಾಗಿ ಹೊರಟಿತು. ನಾನು ನಂದಿಗುಡಿ ಮಠದ ಹಿಂದೆ ಬಣವೆ ಮರೇಲಿ ಕೂತಿದ್ದೆ. ಸೂರಪ್ಪ ನನ್ನ ಹೆಸರು ಕೂಗಿದ, ಎರಡು ಸಲ ಪೀಪಿ ಊದಿದ, ನಾನು ಏಳಲಿಲ್ಲ. ಶಬ್ಬೀರ ಬರೋವರೆಗೂ ಹತ್ತಲ್ಲ ಅಂದಿದ್ದೆಯಲ್ಲ, ನಾನು ಬರದೇ ಇದ್ರೆ ನೀನು ಹೋಗಲ್ಲ ಅಂತ ತಿಳ್ಕಂಡೆ. ಹದಿನಾಲ್ಕು ವರ್ಷದವನ ಬುದ್ಧಿ. ಸುಳ್ಳು ಹೇಳಿದವನು ನಾನು, ಬಸ್ಸಿನ ಮೇಲೆ ಬಂದ ಅಪವಾದ ಹೊತ್ತವನು ಸೂರಪ್ಪ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನೀನು ಬಯ್ಯೋದಿದ್ರೆ ಎದುರಿಗೆ ಕೂರಿಸ್ಕಂಡು ಬಯ್ಯಿ, ಆರು ತಿಂಗಳು ಟೈಮ್ ಐತೆ. ಈಗ ತಾನೇ ಎದ್ದು ಅಂಜನ್ ಕುಮಾರನಿಗೆ ಫೋನ್ ಮಾಡಿ, ಮಾಡಿಸಪ್ಪ, ಹೋಗೋದು ಏಪ್ರಿಲ್‌ದು, ಬರೋದು ಅಕ್ಟೋಬರ್‌ದು ಅಂದೆ. ಮುಂಬೈಗೆ ರೈಲು ದಾವಣಗೆರೇಲೂ ನಿಲ್ಲತೈತೆ, ಆದ್ರೆ ನಾನು ಹರಿಹರದಲ್ಲೇ ಹತ್ತತೀನಿ. ರಿಯಾಜ್ ಫೋಟೋ ತೆಗೆಯಕ್ಕೆ ನಿಂತವನೆ, ಓದಿದ್ರೆ ಓದ್ಲಿ. ಇದರ ಜೊತೆ ಒಂದು ಫಾರಂ ಕಳಿಸ್ತಾನೆ, ನೀನು ನನ್ನನ್ನ ಕರೆದಿದೀಯ ಅನ್ನೋ ಕಾಗದ. ವೀಸಾದವರು ಮೊದಲು ಮೂರು ತಿಂಗಳು ಕೊಡ್ತಾರಂತೆ, ಮಿಕ್ಕಿದ್ದು ಅಲ್ಲೇ ಆಫೀಸಿಗೆ ಹೋಗಿ ಕೇಳಬೇಕಂತೆ, ಅದು ಇರಲಿ. ಫಾರಮ್ಮಿನಲ್ಲಿ ಎಷ್ಟು ದಿನ ಅಂತ ಒಂದು ಖಾಲಿ ಜಾಗ ಐತೆ. ಅದನ್ನ ನೌಮಾನ್ ಕೈಲಿ ತುಂಬಿಸಬ್ಯಾಡ, ನೀನೇ ತುಂಬು. ಶುಕ್ರವಾರದೊಳಗೆ ಅಂಜನ್ ಕುಮಾರನ ಕೈಗೆ ಕೊಡಬೇಕು. ನಾನು ಕಾಯ್ತಾ ಇರ್ತೀನಿ.